ಸ್ಕ್ಯಾನಿಗೆ ಹತ್ತು ನಿಮಿಷ, ಬಳೆಗೆ ಮುಕ್ಕಾಲು ಗಂಟೆ

ಭಾನುವಾರ, ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಮುಂಬಯಿ ಪಕ್ಕದ ಡೊಂಬಿವಿಲಿಯ ಸ್ಕ್ಯಾನ್ ಕೇಂದ್ರವೊಂದರ ಒಳಕೋಣೆಯಲ್ಲಿ ಆಯಾ ಜಲಜಾಕ್ಷಿ, ಗೌನು ತೊಟ್ಟ ಹೆಂಗಸೊಬ್ಬರ ತುರುಬಿಗೆ ಕೈ ಹಾಕಿದ್ದಾರೆ. ಮೈಮೇಲೆ ಒಂದೂ ಪಿನ್ನಿಲ್ಲ ಎಂದು ಆ ಹೆಂಗಸು ಆಣೆ ಮಾಡಿ ಮೂರು ನಿಮಿಷವಾಗಿದೆ. ಅಷ್ಟರಲ್ಲಿ ಐದು ಸಿಕ್ಕಿವೆ.

"ಲೋಕಲ್ ರೈಲಲ್ಲಿ ಓಡಾಡುವವರು ಮಾರಾಯ್ರೆ. ಬಳೆಗೊಂದು, ಕರಿಮಣಿಗೊಂದು, ಲಂಗಕ್ಕೊಂದು ಪಿನ್ನು ಚುಚ್ಚದೆ ಮನೆ ಬಿಡುದಿಲ್ಲ. ಒಂದು ನೆನಪಿರ್ತದೆ, ಉಳಿದದ್ದು ನಾನು ಹುಡುಕಬೇಕು" ಎನ್ನುತ್ತಾರೆ ಜಲಜಾಕ್ಷಿ.

ಎಂಆರ್‌ಐ ಯಂತ್ರವೆಂದರೆ ದೈತ್ಯ ಅಯಸ್ಕಾಂತ. ಅದರ ಮುಂದೆ ಲೋಹ ಸುಳಿಯಕೂಡದು. ತಾಯಿಗೋ ಅಕ್ಕತಂಗಿಯರಿಗೋ ಸ್ತನ ಕ್ಯಾನ್ಸರ್ ಬಂದು, ತಮಗೂ ಅಪಾಯ ಹೆಚ್ಚೆಂದು ವೈದ್ಯರಿಂದ ಹೇಳಿಸಿಕೊಂಡ ಹೆಂಗಸರು ಇಲ್ಲಿ ವರ್ಷಕ್ಕೊಮ್ಮೆ ಪರೀಕ್ಷೆಗೆ ಬರುತ್ತಾರೆ. ಮೊದಲು ಮುಕ್ಕಾಲು ಗಂಟೆ ಬೋರಲಾಗಿ ಮಲಗಬೇಕಿತ್ತು. ಈಗ ಬಹಳ ಮುಖ್ಯವಾದ ಚಿತ್ರಗಳನ್ನಷ್ಟೇ ತೆಗೆದು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಭಾನುವಾರ ಆರರಿಂದ ಒಂಬತ್ತರೊಳಗೆ ನಾಲ್ವರಿದ್ದವರು ಒಂಬತ್ತು ಮಂದಿಯಾಗಿದ್ದಾರೆ. ಯಂತ್ರ ಚುರುಕಾಯಿತು, ಬಳೆಗಳಿಗೆ ಮಾತ್ರ ಆ ಸುದ್ದಿ ತಲುಪಿಲ್ಲ.

ಕಾಪು ಕಡೆಯ ಜಲಜಾಕ್ಷಿ ಸ್ಟೇಷನ್ ಪಕ್ಕದ ಬಳೆ ಅಂಗಡಿಯಲ್ಲಿ ಹದಿನೆಂಟು ವರ್ಷ ದುಡಿದವರು. ಅಂಗಡಿ ಮೊಬೈಲ್ ಮಳಿಗೆಯಾದಾಗ ಅವರಿಗೆ ನಲವತ್ತಾರು. ಊರೆಲ್ಲ ಅಲೆದು, ಕೊನೆಗೆ ಸಿಕ್ಕಿದ್ದು ಈ ಕೆಲಸ. ಮೊದಲ ವಾರವೇ ಅವರ ಕಣ್ಣು ತಪ್ಪಿಸಿದ ಪಿನ್ನೊಂದು ಹಾರಿ ಯಂತ್ರಕ್ಕೆ ಅಂಟಿಕೊಂಡಿತ್ತು. ಅಂದು ತಂತ್ರಜ್ಞ ಸಂಕರ್ಷಣ ಕೂಗಾಡಿದ್ದು ಕೆಳಗಿನ ವಡಾಪಾವ್ ಗಾಡಿಯವರೆಗೂ ಕೇಳಿಸಿತಂತೆ. ಈಗ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಚೂರು ಎಣ್ಣೆ ಸವರಿ ಎಂಥ ಬಿಗಿ ಬಳೆಯನ್ನೂ ಜಾರಿಸುತ್ತಾರೆ. "ಹದಿನೆಂಟು ವರ್ಷ ತೊಡಿಸಿದೆ, ಎಂಟು ವರ್ಷದಿಂದ ತೆಗೀತಾ ಇದ್ದೇನೆ. ಲೆಕ್ಕ ಸರಿ ಆಗ್ಲಿಕ್ಕೆ ಇನ್ನೂ ಹತ್ತು ವರ್ಷ ಉಂಟು."

ಇಂದಿನ ಕೊನೆಯ ಸರದಿ ಟಿಟ್ವಾಳಾದ ರಮಾಮಣಿಯದು. ವಯಸ್ಸು ನಲವತ್ತೊಂದು. ತಾಯಿ, ಅಕ್ಕ ಇಬ್ಬರನ್ನೂ ಇದೇ ಕಾಯಿಲೆ ಕೊಂಡೊಯ್ದಿದೆ. ಕರಿಮಣಿ ಬಿಚ್ಚುವುದಿಲ್ಲವೆಂದು ಎರಡು ಸಲ ಬಾಗಿಲಿಂದಲೇ ಮರಳಿದವರು, ಇಂದೂ ಅದನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಾರೆ. ಗಂಟೆ ಎಂಟೂವರೆ. ಒಂಬತ್ತಕ್ಕೆ ಬೇರೆ ರೋಗಿಗಳು ಬರುತ್ತಾರೆ. ಜಲಜಾಕ್ಷಿ ಅರಿಸಿನ ಕೊಂಬು ಕಟ್ಟಿದ ನೂಲು ತಂದು, ಅಷ್ಟು ಹೊತ್ತು ಇದನ್ನು ಕಟ್ಟಿಕೊಳ್ಳಿ ಎನ್ನುತ್ತಾರೆ.

"ನಮ್ಮತ್ತೆ ಒಪ್ಪಲ್ಲ ಕಣ್ರೀ" ಎನ್ನುತ್ತಾರೆ ರಮಾಮಣಿ.

ಜಲಜಾಕ್ಷಿ, ಪತ್ರಿಕೆಗೆ ಬರೆಯಲು ಬಂದ ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟುತ್ತಾರೆ: "ಕರಿಮಣಿ ನೆಪ. ಒಳಗೆ ಹೆದರಿಕೆ ಉಂಟು. ಹೆದರಿಕೆಗೆ ಬೈಲಿಕ್ಕಾಗುದಿಲ್ಲ, ನೆಪಕ್ಕೆ ಬೈಬಹುದು." ಮರುಕ್ಷಣವೇ ರಮಾಮಣಿಯ ಫೋನಿನಲ್ಲಿ ಅತ್ತೆ ಪುಟ್ಟಮ್ಮನಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಕರಿಮಣಿಯ ವಿಷಯ ಹೇಳುತ್ತಾರೆ.

"ಅಯ್ಯೋ, ಬಿಚ್ಚಿಡೇ ಅದನ್ನ! ಥಾಣೆಯ ಟೆಲಿಫೋನ್ ಆಫೀಸಿಗೆ ಮೂವತ್ತು ವರ್ಷ ಲೋಕಲ್‌ನಲ್ಲಿ ಹೋದೆ. ಸರ ಕಿತ್ಕೊಂಡು ಹೋಗ್ತಾರೇಂತ ದಿನಾ ಮಾಂಗಲ್ಯ ಬಿಚ್ಚಿ ಊಟದ ಡಬ್ಬಿ ಅಡೀಲಿಡ್ತಿದ್ದೆ. ನಿಮ್ಮಾವನಿಗೆ ಏನಾಗಿದೆ? ಇಲ್ಲೇ ಕೂತು ಉಪ್ಪಿಟ್ಟಿಗೆ ಉಪ್ಪು ಸಾಲ್ದು ಅಂತಿದಾರೆ."

ಹಿಂದಿನಿಂದ ಮಾವ ಸೂರ್ಯನಾರಾಯಣರ ದನಿ ಬರುತ್ತದೆ: "ದಿನಾ ಬಿಚ್ತಿದ್ಯಾ?"

"ನೀವು ತಿನ್ನಿ ಸುಮ್ನೆ."

ಫೋನು ಕಟ್ಟಾಗುತ್ತದೆ. ಆಮೇಲೆ ಟಿಟ್ವಾಳಾದಲ್ಲಿ ಏನಾಯಿತೋ ದೇವರೇ ಬಲ್ಲ. ಇಲ್ಲಿ ರಮಾಮಣಿಗೆ ನಗು ತಡೆಯಲಾಗುವುದಿಲ್ಲ, ನಗುತ್ತಲೇ ಕಣ್ಣು ತುಂಬುತ್ತದೆ. "ಅಕ್ಕನಿಗಾದದ್ದು ನಂಗೂ ಇದ್ರೆ?" ಎಂದು ಕೊನೆಗೂ ಕೇಳುತ್ತಾರೆ.

"ಇದ್ರೆ ಸಣ್ಣದಿರುವಾಗ್ಲೇ ಸಿಕ್ಕಿಬೀಳ್ಲಿ ಮಾರಾಯ್ತಿ" ಎಂದು ಜಲಜಾಕ್ಷಿ ಕೈ ಚಾಚುತ್ತಾರೆ. ಕರಿಮಣಿ ಆ ಕೈಗೆ ಬರುತ್ತದೆ. ಎಂಟೂ ಮುಕ್ಕಾಲಿಗೆ ಸಂಕರ್ಷಣ ಬಾಗಿಲು ಮುಚ್ಚುತ್ತಾರೆ.

ಹೊರಬಂದ ರಮಾಮಣಿ ಗಡಿಯಾರ ನೋಡಿ, "ಇಷ್ಟೇನಾ? ಇದಕ್ಕಾ ಎರಡು ವರ್ಷ ನಿದ್ದೆಗೆಟ್ಟೆ?" ಎನ್ನುತ್ತಾರೆ. ವರದಿ ಬುಧವಾರ ಸಿಗುತ್ತದೆ. ಕರಿಮಣಿಯನ್ನು ಕಣ್ಣಿಗೊತ್ತಿ ಹಾಕಿಕೊಂಡು, ಮುಂದಿನ ವರ್ಷದ ತಾರೀಖು ಈಗಲೇ ಬರೆಸುತ್ತಾರೆ.

ನಿಮ್ಮ ಆಸೆ ಏನೆಂದು ಕೇಳಿದರೆ ಜಲಜಾಕ್ಷಿ ಮೆಟ್ಟಿಲಿಳಿಯುತ್ತಿರುವ ಆಕೆಯ ಬೆನ್ನನ್ನೇ ನೋಡುತ್ತಾರೆ. "ಇನ್ನು ಇಪ್ಪತ್ತು ವರ್ಷ ಕಳೆದ್ರೂ ಇವರು ವರ್ಷ ವರ್ಷ ಇಲ್ಲಿಗೆ ಬಂದು ನನ್ನತ್ರ ಜಗಳ ಮಾಡ್ಬೇಕು. ಅಷ್ಟಾದ್ರೆ ಸಾಕು."