ಮೀನಿಗೂ ಬಂದ ವಾಕರಿಕೆ

ಇವತ್ತು ಕಾಲೇಜು ಲೈಬ್ರರಿಯಲ್ಲಿ ಒಬ್ಬರು ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿದರು. ನನಗೆ ವಾಕರಿಕೆ ಬಂತು. ಶಾಲೆಗೆ ಹೋಗುವಾಗ ನಾನಿದ್ದ ಗದ್ವಾಲದ ಹಾಸ್ಟೆಲ್ಲಿನ ವಾರ್ಡನ್ ಆಂಟಿಯೂ ಹಾಗೇ. ಬೆಳಗಿನ ಪ್ರೇಯರಿನಲ್ಲಿ ನಮ್ಮ ಇಂಗ್ಲಿಷ್ ಬೈಬಲ್‌ಗಳನ್ನು ಎಂಜಲು ಬೆರಳಿನಿಂದಲೇ ತೆರೆದುಕೊಡುತ್ತಿದ್ದರು. ಆ ಒದ್ದೆ ಪುಟಕ್ಕೆ ಮುತ್ತಿಟ್ಟೇ ನಾವು ಓದಬೇಕು. ಅಡಿಕೆಪುಡಿ ಬೆರೆತ ಆ ಹುಳಿನಾತವೇ ದೇವರ ವಾಸನೆ ಅಂದುಕೊಂಡಿದ್ದೆ. ಛೀ!

ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಬಂದ್ ನಡೆದು ಹಾಸ್ಟೆಲ್ ಮುಚ್ಚಿದಾಗ, ಅದೇ ಬೈಬಲ್ ಹಿಡಿದು ನಾರಾಯಣಪೇಟೆಯ ಅಜ್ಜಿಮನೆಗೆ ಬಂದೆ. ಓದು ಬಾರದ ಅಜ್ಜಿ ಮಗ್ಗದ ಪಕ್ಕ ನೂಲು ಸುತ್ತುತ್ತಾ, "ಓದವ್ವಾ, ಕನ್ನಡದಾಗ ಹೇಳು" ಅಂದಳು. ಮೂಗು ಹಿಡಿದುಕೊಂಡೇ, ಮೀನಿನ ಹೊಟ್ಟೆ ಸೇರಿ ಅಲ್ಲೇ ಪ್ರಾರ್ಥಿಸಿದ ಪ್ರವಾದಿಯ ಕಥೆಯನ್ನು ಗಡಗಡನೆ ಒದರತೊಡಗಿದೆ.

"ತಡಿ ತಡಿ. ಆ ಹೊಟ್ಟ್ಯಾಗ ಎಂಥಾ ನಾತ ಇದ್ದೀತು?"

"ಕೊಳೆತ ಮೀನಿಂದು ಅಜ್ಜಿ, ಥೂ!"

"ಅಂಥಾದ್ರಾಗ ಕುಂತು ಪ್ರಾರ್ಥನಿ ಮಾಡ್ಯಾನ! ನೀ ಇಷ್ಟಕ್ಕ ಮೂಗು ಹಿಡಿತಿ. ಮುಂದ ಏನಾತು?"

ಮೊದಲ ಸಲ ನನಗೂ ಮುಂದೇನಾಯಿತೆಂದು ತಿಳಿಯಬೇಕೆನಿಸಿತು. ಹುಡುಕಿ ಓದಿದೆ. ಮೀನು ಅವನನ್ನು ದಡಕ್ಕೆ ಕಕ್ಕಿತ್ತು.

"ನೋಡು, ಮೀನಿಗೂ ವಾಕರಿಕಿ ಬಂದೈತಿ!" ಅಜ್ಜಿ ಬಿದ್ದುಬಿದ್ದು ನಕ್ಕಳು.

ಈಗ ಮೊದಲ ಸೆಮಿಸ್ಟರಿನ ಟೆನ್ಶನ್. ಕೈ ತೊಳೆದು, ಒಣಬೆರಳಿನಿಂದ ಅದೇ ಬೈಬಲ್ ತೆರೆದಿದ್ದೇನೆ. ಪುಟಗಳು ಈಗಲೂ ನಾರುತ್ತವೆ. ಮೂಗು ಹಿಡಿಯದೆ, ಅಜ್ಜಿ ಕೇಳಿದಂತೆ ಮುಂದೇನಾಯಿತೆಂದು ಓದುತ್ತಿದ್ದೇನೆ.