ಮಾವನ ಎಡಗಾಲು

ಭೀಮಶ್ಯಾ ಮಾವ ನನ್ನ ಅಕ್ಕ ಸೀತವ್ವನ ಗಂಡ, ಗೊಳಸಂಗಿಯವನು, ಲಾರಿ ಡ್ರೈವರ್. ಇಂಡಿ ಊರಿನ ಹತ್ತಿರ ಆ ಕಬ್ಬಿನ ಲಾರಿ ಹಿಂದಕ್ಕೆ ಜಾರಿದ ಮೇಲೆ ಈ ಮನುಷ್ಯ ಒಂದು ಕಡೆ ಸುಮ್ಮನೆ ಕೂತಿದ್ದನ್ನು ನಾನು ಕಂಡಿರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿ ಹಿಡಿದುಕೊಂಡೇ ಅಂಗಳಕ್ಕೆ ಎದ್ದು ಹೋಗುವನು. ಬಸ್ಸಿನಲ್ಲಿ ಕೂತರೆ ಎಡಗಾಲು ಕೆಳಗಿನ ತಗಡನ್ನು ತುಳಿಯುತ್ತಲೇ ಇರುವುದು. "ನಿದ್ದ್ಯಾಗೂ ಕ್ಲಚ್ ತುಳಿತಾನ, ಹೊರಸು ಕಿರಗುಡತೈತಿ" ಎಂದು ಅಕ್ಕ ಬೈಯುತ್ತಿದ್ದಳು. ಅವನ ಲಾರಿಯ ಗಾಜಿನ ಮೂಲೆಯಲ್ಲಿ ಬುದ್ಧನ ಚಿತ್ರವಿತ್ತು. ಆತ ಕೂತ ರೀತಿ ನೋಡಿಯಾದರೂ ಕಲಿ ಮಾರಾಯ ಎಂದು ನಾನು ಕಾಡಿಸುತ್ತಿದ್ದೆ.

ಜಾರಿದ್ದು ತೊಂಬತ್ತೊಂಬತ್ತರಲ್ಲಿ. ಚಡಚಣದ ಕಡೆಯಿಂದ ಕಬ್ಬು ತುಂಬಿಕೊಂಡು ಬರುತ್ತಿದ್ದೆವು. ಅವನು ಡ್ರೈವರ್, ನಾನು ಕ್ಲೀನರ್. ಆಗಿನ ಹಳೆಯ ಲಾರಿಗಳ ಬ್ರೇಕು ದೇವರಿಗೇ ಪ್ರೀತಿ. ಏರಿನಲ್ಲಿ ಲಾರಿ ಹಿಂದೆ ಸರಿದರೆ ಕ್ಲೀನರ್ ಹಾರಿ ಇಳಿದು ಗಾಲಿಯ ಹಿಂದೆ ಕಲ್ಲು ಕೊಡಬೇಕು. ಅದಕ್ಕೆಂದೇ ಬಾಗಿಲ ಬಳಿ ದೊಡ್ಡ ಕಲ್ಲೊಂದನ್ನು ಇಟ್ಟುಕೊಂಡೇ ಕೂರುತ್ತಿದ್ದೆವು. ಹಳ್ಳ ದಾಟಿ ಏರು ಹತ್ತುವಾಗ ಮುಂದೆ ಎತ್ತಿನ ಬಂಡಿ ಅಡ್ಡ ಬಂತು. ಮಾವ ಬ್ರೇಕು ತುಳಿದ. ಹಿಡಿಯಲಿಲ್ಲ. ನಾನು ಹಾರಿದೆ, ಕಲ್ಲು ಕೊಟ್ಟೆ. ಗಾಲಿ ಆ ಕಲ್ಲನ್ನೂ ಹತ್ತಿತು, ನನ್ನ ಬಲಗಾಲನ್ನೂ ಹತ್ತಿತು. ಬಿಜಾಪುರದ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ನಾನು ಒಂದು ವರ್ಷ ಅತ್ತೆ, ಆಮೇಲೆ ಊರುಗೋಲು ಹಿಡಿದು ಚಹಾದಂಗಡಿ ಇಟ್ಟೆ. ಮಾವ ಅಳಲೇ ಇಲ್ಲ. ಏರಿನಲ್ಲಿ ಬ್ರೇಕು ತುಳಿಯುವುದನ್ನು ಬಿಟ್ಟುಬಿಟ್ಟ, ಅಷ್ಟೇ. ಎಲ್ಲೇ ಏರಿನಲ್ಲಿ ನಿಲ್ಲಬೇಕಾಗಿ ಬಂದರೂ ಕ್ಲಚ್ಚನ್ನು ಅರ್ಧ ಒತ್ತಿ, ಇಂಜಿನ್ನಿನ ಬಲದ ಮೇಲೆಯೇ ಲಾರಿಯನ್ನು ತೂಗಿ ಹಿಡಿಯುತ್ತಿದ್ದ. ನೋಡಲು ಚೆಂದ. ಆದರೆ ಒಳಗೆ ಕ್ಲಚ್ಚಿನ ಪ್ಲೇಟು ತಿರುಗುವ ಚಕ್ರಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ, ಕೊನೆಗೆ ಸುಡುತ್ತದೆ. ಸಿಂದಗಿಯ ಮಿಸ್ತ್ರಿ ಬಾಬುಲಾಲ ಪ್ಲೇಟು ಬದಲಿಸಿ ಬದಲಿಸಿ ಬೇಸತ್ತು, "ಭೀಮಶ್ಯಾ, ಆ ಎಡಗಾಲ ಕಡಿದ ಇಲ್ಲೇ ಇಟ್ಟ ಹೋಗೋ" ಎಂದ. ಹಿಂದೆಯೇ ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡ. ನಾನು ನಕ್ಕೆ. ಮಾವ ನಗಲಿಲ್ಲ, ಗ್ಯಾರೇಜಿನ ಹೊರಗೆ ಹೋಗಿ ಅಡ್ಡಾಡತೊಡಗಿದ.

ಪ್ಲೇಟು ಸುಡುವವನು ಎಂದು ಇಂಡಿಯಿಂದ ತಾಳಿಕೋಟೆಯವರೆಗೆ ಹೆಸರಾಯಿತು. ಯಾವ ಮಾಲಕನೂ ಕೀಲಿ ಕೊಡಲೊಲ್ಲ. ಕಡೆಗೆ ಎರಡು ಸಾವಿರದ ಏಳರಲ್ಲಿ ಮುದ್ದೇಬಿಹಾಳದ ಕಡೆ ಕಾಲುವೆ ಅಗೆಯುವ ಗುತ್ತಿಗೆದಾರ ಹೊರದೇಶದ ಟಿಪ್ಪರ್ ಲಾರಿಗಳನ್ನು ತಂದ. ಅವುಗಳಲ್ಲಿ ಕ್ಲಚ್ಚಿನ ಪೆಡಲ್ಲೇ ಇಲ್ಲ! ಕ್ಲಚ್ಚು ಒಳಗಿರುತ್ತದೆ, ಅದನ್ನು ಯಂತ್ರವೇ ಒತ್ತಿ ಬಿಡುತ್ತದೆ. ಮಾವನಿಗೆ ಹೇಳಿ ಮಾಡಿಸಿದ ಗಾಡಿ ಎಂದುಕೊಂಡು, ಅಲ್ಲಿಯೇ ಚಹಾದಂಗಡಿ ಇಟ್ಟಿದ್ದ ನಾನು ಉಸ್ತುವಾರಿ ರಾವಸಾಬನ ಕೈಕಾಲು ಹಿಡಿದು ಕೆಲಸ ಕೊಡಿಸಿದೆ.

ತಿಂಗಳು ತುಂಬುವುದರೊಳಗೆ ಸುಟ್ಟ. ಬದಲಿಸಿಕೊಟ್ಟರು, ಮತ್ತೆ ಸುಟ್ಟ.

ಲಾರಿ ಕಂಪನಿಯಿಂದ ಅಮಿತ ಎಂಬ ಮೆಕ್ಯಾನಿಕ್ ಬಂದ. ಹುಡುಗ ಒಳ್ಳೆಯವನು, ಕೂರಿಸಿಕೊಂಡು ಬಿಡಿಸಿ ಹೇಳಿದ. "ಏರಿನ್ಯಾಗ ಎಕ್ಸಿಲೇಟರ್ ಒತ್ತಿ ಗಾಡಿ ನಿಂದರಸಾಕತ್ತೀರಿ. ನಿಮಗ ಕಾಣಂಗಿಲ್ಲ, ಒಳಗ ಕ್ಲಚ್ ಸುಡತೈತ್ರಿ. ಬ್ರೇಕ್ ತುಳೀರಿ ಸಾಕು. ಕಾಲ ತಗದ ಮ್ಯಾಲೂ ಒಂದ್ ಗಳಿಗಿ ಗಾಡಿನ ಹಿಡಕೋತೈತಿ."

"ಬ್ರೇಕ್ ನಾ ನಂಬಂಗಿಲ್ಲರಿ" ಎಂದ ಮಾವ, ನಿಂತಲ್ಲಿ ನಿಲ್ಲದೆ.

ರಾವಸಾಬನಿಗೆ ಸಿಟ್ಟು ನೆತ್ತಿಗೇರಿತು. "ಇನ್ನೊಮ್ಮಿ ಹೊಗಿ ಬಂತಂದ್ರ ಮನೀಗಿ ನಡಿ" ಎಂದುಬಿಟ್ಟ. ಮನೆಗೆ ಎಂದರೆ ಮುಂದೆಂದೂ ಲಾರಿಯಿಲ್ಲ. ನಿಂತಲ್ಲಿ ನಿಲ್ಲದ ಈ ಜೀವ ಮನೆಯಲ್ಲಿ ಕೂತು ಹೇಗೆ ಉಳಿದೀತು ಎಂದು ಅಕ್ಕ ನನ್ನೆದುರು ಅತ್ತಳು. ನನಗೂ ಮೈ ಉರಿಯಿತು. ಕಾಲು ಹೋದದ್ದು ನನ್ನದು, ಎಂಟು ವರ್ಷದಿಂದ ಕುಂಟುತ್ತಿರುವವನು ಇವನು!

ಮರುದಿನ ಬೆಳಿಗ್ಗೆ ಕಾಲುವೆಯೊಳಗಿಂದ ಮೇಲೆ ಬರುವ ಏರಿನಲ್ಲಿ ಮಣ್ಣು ತುಂಬಿದ ಲಾರಿಗಳ ಸಾಲು ನಿಂತಿತ್ತು. ನಡುವೆ ಮಾವನ ಲಾರಿ ಗುರುಗುಡುತ್ತಿತ್ತು, ಅದೇ ಹಳೆಯ ಚಾಳಿ. ಚಹಾದ ಕಿಟ್ಲಿ ಇಳಿಸಿ, ಊರುಗೋಲು ಊರುತ್ತ ಇಳಿದು ಹೋಗಿ, ಅವನ ಲಾರಿಯ ಹಿಂದಿನ ಗಾಲಿಯ ನೇರಕ್ಕೆ, ಕನ್ನಡಿಯಲ್ಲಿ ಅವನಿಗೆ ಕಾಣುವ ಹಾಗೆ ನಿಂತೆ.

ಕಿಟಕಿಯಿಂದ ತಲೆ ಹೊರಬಂತು. "ಏ ಸಿದ್ರಾಮ್ಯಾ! ಸರಿಯೋ ಅತ್ಲಾಗ!"

"ಬ್ರೇಕ್ ತುಳಿ ಮಾವಾ."

"ಹುಚ್ಚ ಹಿಡದೈತೇನ ನಿನಗ? ಸರಿಯೋ, ಕೈ ಮುಗಿತೇನಿ!"

"ನಾ ಸರಿಯಂಗಿಲ್ಲ. ತುಳಿ."

ಸುಟ್ಟ ವಾಸನೆ ಮೂಗಿಗೆ ಬಡಿಯತೊಡಗಿತು. ಸುಳ್ಳು ಯಾಕೆ ಹೇಳಲಿ, ಇಲ್ಲದ ಕಾಲಿನ ಬೆರಳುಗಳು ತಣ್ಣಗಾದವು. ಸರಿಯಬೇಕೆಂದರೂ ಊರುಗೋಲು ಏಳಲಿಲ್ಲ. ಇಂಜಿನ್ನಿನ ಸದ್ದು ಇಳಿಯಿತು. ನಾನು ಕಣ್ಣು ಮುಚ್ಚಿದೆ.

ಬ್ರೇಕಿನ ಗಾಳಿ ಬುಸ್ಸೆಂದಿತು. ಮಣ್ಣಿನ ಹೆಂಟೆಯೊಂದು ಉರುಳಿ ನನ್ನ ಮುಂದೆ ಬಿತ್ತು. ಕಣ್ಣು ಬಿಟ್ಟರೆ ಗಾಲಿ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಮುಂದಿನ ಸಾಲು ಹೊರಟಿತು. ಹಿಂದಿನವರು ಹಾರ್ನ್ ಬಡಿಯತೊಡಗಿದರು. ಮಾವನ ಲಾರಿ ಮಾತ್ರ ಅಲ್ಲಾಡಲಿಲ್ಲ. ನಾನು ಕುಂಟುತ್ತ ಮುಂದೆ ಹೋಗಿ ಬಾಗಿಲು ತೆರೆದೆ. ಮಾವ ಎರಡೂ ಕೈಯಲ್ಲಿ ಸ್ಟೇರಿಂಗು ಹಿಡಿದು, ಬಲಗಾಲನ್ನು ಬ್ರೇಕಿನ ಮೇಲೆ ಊರಿ, ಸಣ್ಣ ಮಕ್ಕಳ ಹಾಗೆ ಅಳುತ್ತಿದ್ದ. ಎಡಗಾಲು ಸುಮ್ಮನೆ ಬಿದ್ದುಕೊಂಡಿತ್ತು.

"ಲೈನ್ ಹೋತು, ನಡಿಯೋ ಮಾವಾ" ಎಂದೆ.

"ನಡಿತೇನಿ ತಡಿಯೋ" ಎಂದ. "ಒಂದೀಟ ಕೂತಿರ್ತೇನಿ."