ಖಂಡೇಪೂಜೆಯ ಒಂದು ಸುತ್ತು

ಚನ್ನಬಸಯ್ಯನ ಬಲಗೈಯ ಎರಡು ಬೆರಳನ್ನು ಬೆಳಗಾವಿಯ ಆಟೋ ನಗರದ ಲೇತ್ ಮಷೀನು ತಿಂದಿತ್ತು. ಉಳಿದ ಎಂಟರಲ್ಲೇ ಟೈಪಿಂಗ್ ಕಲಿತು, ಪೋಲಿಯೋ ಮಕ್ಕಳ ಆಪರೇಷನ್ನಿಗೆ ಶಿಬಿರ ನಡೆಸುವ ಸಣ್ಣ ಸಂಸ್ಥೆಯೊಂದರಲ್ಲಿ ಗುಮಾಸ್ತನಾದ. ಛಲದ ಮನುಷ್ಯ.

1989ರಲ್ಲಿ ಅಲ್ಲಿಗೊಂದು ಕಂಪ್ಯೂಟರ್ ಬಂತು. ಖಾನಾಪುರ ತಾಲೂಕಿನ ಎಂಬತ್ಮೂರು ಹಳ್ಳಿಗಳಿಗೆ ಒಂದೊಂದು ಖಾನೆ, ಪ್ರತಿ ಖಾನೆಯೊಳಗೂ ಒಂದು ಖಾಲಿ ಫಾರ್ಮಿನ ಫೈಲು ಬೇಕಿತ್ತು. ಒಂದೊಂದೇ ಮಾಡುತ್ತ ಕುಂತರೆ ಹಬ್ಬ ಬಂದು ಹೋದೀತು. ಚನ್ನಬಸಯ್ಯ ಪುಸ್ತಕ ನೋಡಿ ನೋಡಿ, ಆಜ್ಞೆಗಳನ್ನು ಸಾಲಾಗಿ ಬರೆದು ಒಂದು ಬ್ಯಾಚ್ ಫೈಲು ಕಟ್ಟಿದ. ಅದರ ಹೆಸರು ‘ಹಳ್ಳಿ’. ಹೆಸರು ಒತ್ತಿ ಎಂಟರ್ ಹೊಡೆದರೆ ಸಾಕು, ಎಲ್ಲ ಖಾನೆಯೂ ಎಲ್ಲ ಫಾರ್ಮೂ ತಯಾರು. ಅವತ್ತು ಆತನ ಕಾಲು ನೆಲದ ಮೇಲಿರಲಿಲ್ಲ.

ನಾಲ್ಕು ತಿಂಗಳು ಕುಂತು, ಹಳ್ಳಿಗಳಿಂದ ಬಂದ ಕಾಗದ ನೋಡಿ ಮಕ್ಕಳ ಹೆಸರು, ಊರು, ವಯಸ್ಸು ತುಂಬಿದ. ‘ಎಲ್ಲಾ ಮಷೀನಿನಾಗ ಐತಲ್ಲ’ ಎಂದು ಕಾಗದದ ಫಾರ್ಮುಗಳನ್ನು ತಾನೇ ರದ್ದಿಯವನಿಗೆ ಹಾಕಿದ. ಇನ್ನೊಂದು ಪ್ರತಿ ತೆಗೆದಿಡುವುದನ್ನು ನಾಳೆಗೆ, ನಾಡಿದ್ದಿಗೆ ತಳ್ಳಿದ.

ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಶಿಬಿರಕ್ಕೆ ಎಂಟೇ ದಿನ; ಹಬ್ಬದ ಮರುದಿನ ಆ ಮಕ್ಕಳ ಮನೆಮನೆಗೆ ಶಿಬಿರಕ್ಕೆ ಕರೆಯುವ ಪತ್ರ ಹೋಗಬೇಕು. ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಪೂಜೆಯಾದ ಯಂತ್ರವನ್ನು ಒಂದು ಸುತ್ತು ತಿರುಗಿಸದೆ ಬಿಡಬಾರದೆಂಬುದು ಲೇತ್ ಮಂದಿಯ ಪದ್ಧತಿ. ಆಟೋ ನಗರದ ಆ ರೂಢಿ ಬೆರಳು ಹೋದರೂ ಹೋಗಿರಲಿಲ್ಲ. ಕೈಮುಗಿದು, ತನ್ನ ಕೈಯಾರೆ ಕಟ್ಟಿದ ‘ಹಳ್ಳಿ’ಯನ್ನೇ ಒತ್ತಿದ.

ಖಾನೆಗಳು ಮೊದಲೇ ಇವೆ ಎಂದು ಯಂತ್ರ ಗೊಣಗಿತು. ಆದರೆ ಖಾಲಿ ಫಾರ್ಮನ್ನು ಮಾತ್ರ ಒಂದು ಮಾತೂ ಕೇಳದೆ ತುಂಬಿದ ಫಾರ್ಮಿನ ಮೇಲೆ ಬರೆಯುತ್ತ ಹೋಯಿತು. ಎಂಬತ್ಮೂರು ಸಲ. ಮರುದಿನ ಪಾರಿಶ್ವಾಡದ ಖಾನೆ ತೆರೆದ, ಖಾಲಿ. ಲೋಂಡಾ ತೆರೆದ, ಖಾಲಿ. ರದ್ದಿಯಂಗಡಿಗೆ ಓಡಿದರೆ ಕಾಗದ ಮಿಲ್ಲಿಗೆ ಹೋಗಿ ತಿಂಗಳಾಗಿತ್ತು.

ಸಂಸ್ಥೆಯ ಹಿರಿಯ ಬಸಲಿಂಗಪ್ಪನವರ ಮುಂದೆ ನಿಂತು ಅತ್ತ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಹೋಗೋ ತಮ್ಮಾ, ಎಷ್ಟ ಊರ ಮುಟ್ಟತಾವ ಅಷ್ಟಕ್ಕ ಸುದ್ದಿ ಮುಟ್ಟಸು,” ಎಂದರು.

ಏಳು ದಿನ ಬಸ್ಸಿನಲ್ಲಿ, ಎತ್ತಿನ ಗಾಡಿಯಲ್ಲಿ, ನಡೆದು, ಪೋಲಿಯೋ ಮಕ್ಕಳಿರುವ ಮನೆ ಯಾವುದೆಂದು ಕಂಡಕಂಡವರನ್ನು ಕೇಳುತ್ತ ಅಲೆದ. ಐವತ್ತೊಂದು ಹಳ್ಳಿ ಮುಟ್ಟಿದ. ಲೋಂಡಾ ಕಡೆಯ ಕಾಡಿನ ಊರುಗಳು ಉಳಿದೇ ಹೋದವು.

ಶಿಬಿರ ಮುಗಿದ ಮೂರನೆಯ ದಿನ ಒಬ್ಬಾತ ಮಗಳನ್ನು ಹೆಗಲ ಮೇಲೆ ಹೊತ್ತು ಆಫೀಸಿಗೆ ಬಂದ. ಲೋಂಡಾ ಆಚೆಯ ಹಣಮಪ್ಪ.

“ಪತ್ರ ಬರ್ತೈತಿ ಅಂತ ಕಾದ್ವಿರಿ. ಬರಲಿಲ್ಲ, ನಾವ ಬಂದ್ವಿ.”

“ಡಾಕ್ಟರು ಹೋದ್ರು,” ಎಂದ ಚನ್ನಬಸಯ್ಯ. “ತಪ್ಪ ನಂದೈತ್ರಿ. ನಿಮ್ಮ ಮಗಳ ಹೆಸರು ನಾನ ಅಳಿಸೀನಿ.”

ಹಣಮಪ್ಪನಿಗೆ ಅರ್ಥವಾಗಲಿಲ್ಲ. ಮಗಳನ್ನು ಬೆಂಚಿನ ಮೇಲೆ ಇಳಿಸಿದ. “ಅಳಿಸಿದ್ರ ಮತ್ತ ಬರ್ಕೋರಿ, ಮುಂದಿನ ಸರ್ತಿಗೆ. ರೇಣವ್ವ ಅಂತ. ಎಂಟ ವರ್ಷ.”

ಮುಂದಿನ ಸರ್ತಿ ಇದೆ ಎಂದು ಡಾಕ್ಟರು ಹೇಳಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಚನ್ನಬಸಯ್ಯನಿಗೆ ಆಗಲಿಲ್ಲ. ಖಾಲಿ ಫಾರ್ಮಿನಲ್ಲಿ ಹೆಸರು ಟೈಪು ಮಾಡಿದ. ಆಮೇಲೆ ಪೆನ್ನು ತೆಗೆದು ಅದನ್ನೇ ಚೀಟಿಯಲ್ಲಿ ಬರೆದು, ಮಡಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡ.